ಮರ ಅತ್ತೆಯದು, ಹಕ್ಕಿ ಸರ್ಕಾರದ್ದು, ಕೆರೆ ಯಾರದ್ದು?

ನಮ್ಮ ಅತ್ತೆ ಮನೆ ಹಿತ್ತಲಲ್ಲಿ ದೊಡ್ಡ ಹುಣಸೆ ಮರ ಇದೆ. ಆದರೂ ಅತ್ತೆ ಬಸ್ಸಾರಿಗೆ ಹುಣಸೆಹಣ್ಣು ತರಿಸುವುದು ಮದ್ದೂರಿನ ಅಂಗಡಿಯಿಂದ. ಚಿಕ್ಕವನಿದ್ದಾಗ ಇದು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಈಗ ವನ್ಯಜೀವಿ ಕಾಯ್ದೆ ಬಗ್ಗೆ ಯಾರಾದರೂ ಮಾತೆತ್ತಿದರೆ ನನಗೆ ಮೊದಲು ನೆನಪಾಗುವುದೇ ಆ ಅಂಗಡಿ ಹುಣಸೆಹಣ್ಣಿನ ಪೊಟ್ಟಣ.

ಅತ್ತೆ ಊರು ಕೊಕ್ಕರೆ ಬೆಳ್ಳೂರು. ಮಂಡ್ಯ ಜಿಲ್ಲೆ, ಮದ್ದೂರು ತಾಲೂಕು. ಬೆಂಗಳೂರಿಂದ ಮೈಸೂರು ರಸ್ತೆಯಲ್ಲಿ ಬಂದು ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದರೆ ಒಂದು 12 ಕಿಲೋಮೀಟರ್. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ ಊರು. ಊರ ಪಕ್ಕದ ಕಾಡಲ್ಲಿ ಅಲ್ಲ, ಊರೊಳಗೇ. ಮನೆ ಮುಂದೆ, ಕೊಟ್ಟಿಗೆ ಹಿಂದೆ, ರಸ್ತೆ ಬದಿಯಲ್ಲಿ. ರಂಗನತಿಟ್ಟಿನಲ್ಲಿ ನೀವು ದೋಣಿ ಹತ್ತಿ ದೂರದಿಂದ ನೋಡುವ ಹಕ್ಕಿಗಳನ್ನು ಇಲ್ಲಿ ಜಗಲಿ ಮೇಲೆ ಕೂತು ಟೀ ಕುಡಿಯುತ್ತ ನೋಡಬಹುದು.

ಕಳೆದ ಫೆಬ್ರವರಿಯಲ್ಲಿ ಎರಡು ದಿನ ಹೋಗಿದ್ದೆ. ಬೆಳಗ್ಗೆ ಆರೂವರೆಗೆ ಹಿತ್ತಲಿಗೆ ಬಂದರೆ ಮೊದಲು ಮೂಗಿಗೆ ಬಡಿಯುವುದು ವಾಸನೆ. ಮೀನಿನ ವಾಸನೆ, ಅದರ ಮೇಲೆ ಹಿಕ್ಕೆಯ ಸುಣ್ಣದಂಥ ಘಾಟು. ಎಲೆಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತವೆ. ಮೇಲೆ ಒಂದು ಗೂಡಿನಲ್ಲಿ ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲದೊಳಗೆ ತಲೆ ಮಾತ್ರ ಅಲ್ಲ, ಭುಜದವರೆಗೂ ನುಗ್ಗಿ ಮೀನು ಎಳೆಯುತ್ತಿತ್ತು. ತಾಯಿ ಕಣ್ಣು ಅರ್ಧ ಮುಚ್ಚಿ ಸಹಿಸಿಕೊಂಡು ನಿಂತಿತ್ತು. ಅಷ್ಟರಲ್ಲಿ ಪಕ್ಕದ ಕೊಂಬೆಯಿಂದ ಅರ್ಧ ಜೀರ್ಣವಾದ ಮೀನೊಂದು ತಪ್ಪಕ್ಕನೆ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಅತ್ತೆ ಏನೂ ಆಗಿಲ್ಲ ಅನ್ನುವಂತೆ ಒಂದು ಚೊಂಬು ನೀರು ಸುರಿದರು, ಅಷ್ಟೇ.

'ಬಾಣಂತನಕ್ಕೆ ಬಂದವ್ರೆ ಕಣ್ಲಾ ಮಗ, ಗಲೀಜು ಆಯ್ತದೆ' ಅಂದರು.

ಇದು ನಮ್ಮ ಅತ್ತೆಯದೊಂದೇ ಮಾತಲ್ಲ, ಊರಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರುತ್ತಾರಲ್ಲ, ಹಾಗೆ ಈ ಹಕ್ಕಿಗಳು. ಅಕ್ಟೋಬರ್, ನವೆಂಬರ್ ಹೊತ್ತಿಗೆ ಹೆಜ್ಜಾರ್ಲೆಗಳು ಬರುತ್ತವೆ, ಕೊಕ್ಕರೆಗಳು ಸ್ವಲ್ಪ ತಡ. ಮರಿ ಮಾಡಿ, ಬೆಳೆಸಿ, ಮುಂಗಾರಿನ ಹೊತ್ತಿಗೆ ಹೊರಟುಬಿಡುತ್ತವೆ. ಬಂದವರನ್ನು ಓಡಿಸುವುದು ಹೇಗೆ ಅನ್ನುವ ಲೆಕ್ಕ. ಹಿಂದೆ ಊರು ಶಿಂಷಾ ನದಿಯ ದಡದಲ್ಲಿತ್ತಂತೆ, 1916ರಲ್ಲಿ ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಹಿರಿಯರು ಹೇಳುವ ಈ ಕಥೆ ನನಗೆ ಇಷ್ಟ, ಯಾಕೆಂದರೆ ಇದರಲ್ಲಿ ಹಕ್ಕಿಗಳು ಜನರನ್ನು ಆರಿಸಿಕೊಳ್ಳುತ್ತವೆ, ಜನ ಹಕ್ಕಿಗಳನ್ನಲ್ಲ.

ಆದರೆ ಬರೀ ಭಾವನೆಯ ಮೇಲೆ ಊರು ನಡೆಯುವುದಿಲ್ಲ ನೋಡಿ. ಇಲ್ಲೇ ಹುಣಸೆ ಮರದ ಲೆಕ್ಕ ಬರುತ್ತದೆ. ಹುಣಸೆ ಹಣ್ಣಾಗುವುದು ಯಾವಾಗ? ಜನವರಿಯಿಂದ ಏಪ್ರಿಲ್. ಮರದ ತುಂಬ ಗೂಡು, ಮೊಟ್ಟೆ, ಮರಿ ಇರುವುದು ಯಾವಾಗ? ಅದೇ ಹೊತ್ತು. ದೋಟಿ ಹಿಡಿದು ಹಣ್ಣು ಬಡಿದರೆ ಗೂಡು ಉದುರುತ್ತದೆ. ಬಡಿಯದೆ ಬಿಟ್ಟರೆ ಹಣ್ಣೆಲ್ಲ ಹಿಕ್ಕೆಯಲ್ಲಿ ಮುಳುಗುತ್ತದೆ. ಬೇರೆ ಊರಲ್ಲಾದರೆ ವ್ಯಾಪಾರಿ ಬಂದು ಮರ ನೋಡಿ ಗುತ್ತಿಗೆ ಮಾತಾಡಿ ಮುಂಗಡ ಕೊಟ್ಟು ಹೋಗುತ್ತಾನೆ. ಇಲ್ಲಿ ಹಕ್ಕಿ ಕೂತ ಮರವನ್ನು ಯಾವ ವ್ಯಾಪಾರಿ ಕೇಳುತ್ತಾನೆ? ಒಂದು ದೊಡ್ಡ ಹುಣಸೆ ಮರ ಅಂದರೆ ರೈತನಿಗೆ ವರ್ಷಕ್ಕೊಮ್ಮೆ ಬರುವ ಪಿಂಚಣಿ ಇದ್ದ ಹಾಗೆ. ಅದನ್ನು ಬಿಟ್ಟುಕೊಟ್ಟು, ಮೇಲಿಂದ ದಿನಾ ಬೆಳಗ್ಗೆ ಅಂಗಳ ತೊಳೆಯಬೇಕು. ಹಿಕ್ಕೆಯನ್ನು ಗುಂಡಿಯಲ್ಲಿ ಕೆರೆಗೋಡಿನ (ಕೆರೆ ಹೂಳಿನ) ಜೊತೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವ ಪದ್ಧತಿ ಮೊದಲಿಂದಲೂ ಇದೆ, ಒಳ್ಳೆಯ ಗೊಬ್ಬರವೂ ಹೌದು. ಆದರೂ ಹಣ್ಣಿನ ದುಡ್ಡಿಗೆ ಅದು ಸಮ ಅಲ್ಲ. ಗೂಡಿರುವ ಮರಗಳಿಗೆ ಇಷ್ಟು ಅಂತ ಸರ್ಕಾರ ಪರಿಹಾರ ಕೊಡುವ ಪದ್ಧತಿ ಬಂದದ್ದು ಇದಕ್ಕೇ. ಒಂದು ಕಾಲಕ್ಕೆ ಮರ ಕಡಿದು ಇಟ್ಟಿಗೆ ಗೂಡಿಗೆ ಸೌದೆಯಾಗಿ ಮಾರಿದರೇ ಲಾಭ ಅನ್ನುವ ಸ್ಥಿತಿ ಇತ್ತು. ಹಾಗೆ ಕಡಿದವರನ್ನು ನಾನಂತೂ ಬೈಯುವುದಿಲ್ಲ.

ಹೊರಗಿನ ಜಗತ್ತಿಗೆ ಈ ಊರು 'ಸಿಕ್ಕಿದ್ದು' 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಗುರುತಿಸಿದ ಮೇಲೆ. ಅಷ್ಟರಲ್ಲಿ ಊರ ಹೆಸರಿನಲ್ಲೇ ಕೊಕ್ಕರೆ ಇತ್ತು ಅನ್ನುವುದು ಬೇರೆ ಮಾತು! ಆಮೇಲೆ 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರು ಊರಿನ ಹುಡುಗರ ಜೊತೆ ಸೇರಿ ಕೆಲಸ ಶುರು ಮಾಡಿದರು, ಹೆಜ್ಜಾರ್ಲೆ ಬಳಗ ಅಂತ ಹುಟ್ಟಿಕೊಂಡಿತು. ಇವರು ಮಾಡಿದ್ದು ಸಣ್ಣ ಕೆಲಸ, ಆದರೆ ಯಾವ ಕಾಯ್ದೆಯಲ್ಲೂ ಬರೆಯದ ಕೆಲಸ. ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಹಕ್ಕಿ ಕೆಳಗೆ ಬಂದು ಸಾಕುವುದಿಲ್ಲ. ಬಿದ್ದರೆ ಕತೆ ಮುಗಿಯಿತು, ಒಂದೋ ನಾಯಿ ಎಳೆಯುತ್ತದೆ, ಇಲ್ಲ ಹಸಿವಿನಿಂದ ಸಾಯುತ್ತದೆ. ಈ ಹುಡುಗರು ಮರಗಳ ಕೆಳಗೆ ಬಲೆ ಕಟ್ಟಿದರು, ಬಿದ್ದ ಮರಿಗಳನ್ನು ತಂದು ಬೇಲಿ ಹಾಕಿದ ಜಾಗದಲ್ಲಿ ಇಟ್ಟು ಮೀನು ತಿನ್ನಿಸಿ ರೆಕ್ಕೆ ಬಲಿತ ಮೇಲೆ ಬಿಟ್ಟರು. ಒಂದು ಹೆಜ್ಜಾರ್ಲೆ ಮರಿಗೆ ಮೀನು ತಿನ್ನಿಸಿ ನೋಡಿ ಒಮ್ಮೆ. ನಾನು ಪ್ರಯತ್ನ ಮಾಡಿದ್ದೆ. ಕೈಯಲ್ಲಿದ್ದ ಮೀನಿನ ಜೊತೆ ನನ್ನ ವಾಚನ್ನೂ ಎಳೆಯಿತು, ಅದರ ಕೊಕ್ಕು ಮೃದು, ಆದರೆ ಹಟ ಮೃದು ಅಲ್ಲ.

ಈಗ ಕಾಯ್ದೆಗೆ ಬರೋಣ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ ಮೂಲ ಯೋಚನೆ ಸರಳ: ಒಂದು ಜಾಗಕ್ಕೆ ಗೆರೆ ಎಳಿ, ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸು, ಒಳಗಿನ ಜನರ ಹಕ್ಕುಗಳನ್ನು ಇತ್ಯರ್ಥ ಮಾಡು, ಅಂದರೆ ಬಹಳ ಸಲ ಕಡಿಮೆ ಮಾಡು ಅಂತಲೇ ಅರ್ಥ. ಆ ಕಾಲಕ್ಕೆ ಹುಲಿ ಚರ್ಮ ರಾಜಾರೋಷವಾಗಿ ಮಾರಾಟ ಆಗುತ್ತಿತ್ತು, ಗಟ್ಟಿ ಕಾಯ್ದೆ ಬೇಕಿತ್ತು, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಈ ಅಚ್ಚಿನಲ್ಲಿ ಕೊಕ್ಕರೆ ಬೆಳ್ಳೂರನ್ನು ಹೇಗೆ ಕೂರಿಸುತ್ತೀರಿ? ಊರನ್ನೇ ಅಭಯಾರಣ್ಯ ಮಾಡಿದರೆ ಅತ್ತೆ ತನ್ನ ಹಿತ್ತಲಿಗೆ ಹೋಗಲು ಅನುಮತಿ ಚೀಟಿ ತೆಗೆದುಕೊಳ್ಳಬೇಕಾಗುತ್ತದೆ.

ಈ ತೊಡಕಿಗೆ ಉತ್ತರ ಬರಲು 30 ವರ್ಷ ಬೇಕಾಯಿತು. 2002ರ ತಿದ್ದುಪಡಿ, ಜಾರಿಗೆ ಬಂದದ್ದು 2003ರಲ್ಲಿ, ಎರಡು ಹೊಸ ಬಗೆ ಸೇರಿಸಿತು. ಸರ್ಕಾರಿ ಜಾಗದಲ್ಲಾದರೆ ಸಂರಕ್ಷಣಾ ಮೀಸಲು. ಖಾಸಗಿ ಅಥವಾ ಸಮುದಾಯದ ಜಾಗದಲ್ಲಾದರೆ ಸಮುದಾಯ ಮೀಸಲು. ಎರಡನೆಯದು 36ಸಿ ಕಲಮು. ಅದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಜನರು ತಾವಾಗಿ ಮುಂದೆ ಬಂದರೆ ಮಾತ್ರ ಘೋಷಿಸಬಹುದು ಅಂತ ಇದೆ. ಆ ಕಾಯ್ದೆಯಲ್ಲಿ ಸರ್ಕಾರ ಜನರ ಒಪ್ಪಿಗೆಯಿಂದ ಶುರು ಮಾಡುವ ಜಾಗಗಳು ಬಹಳ ಇಲ್ಲ. 2007ರಲ್ಲಿ ಕೊಕ್ಕರೆ ಬೆಳ್ಳೂರು ಕರ್ನಾಟಕದ ಮೊದಲ ಸಮುದಾಯ ಮೀಸಲು ಆಯಿತು. ಮೂರು ಚದರ ಕಿಲೋಮೀಟರ್ ಚಿಲ್ಲರೆ, ಅಷ್ಟೇ. ದೇಶದಲ್ಲಿ ಈಗ ಇಂಥವು ಇನ್ನೂರಕ್ಕಿಂತ ಜಾಸ್ತಿ ಇವೆ, ಬಹುಪಾಲು ಮೇಘಾಲಯ, ನಾಗಾಲ್ಯಾಂಡ್ ಕಡೆ, ಅಲ್ಲಿ ಕಾಡೇ ಊರಿನದ್ದು, ಕುಲದ್ದು.

36ಡಿ ಅನ್ನುವುದು ಸಮಿತಿಯ ಕಲಮು. ಮೂಲದಲ್ಲಿ ಗ್ರಾಮ ಪಂಚಾಯಿತಿ ಹೆಸರಿಸುವ ಐದು ಜನ, ಅರಣ್ಯ ಇಲಾಖೆಯಿಂದ ಒಬ್ಬರು. ಲೆಕ್ಕ ನೋಡಿದಿರಾ? ಐದಕ್ಕೆ ಒಂದು. ಅಧ್ಯಕ್ಷರನ್ನು ಸಮಿತಿಯೇ ಆರಿಸುತ್ತದೆ, ಅವರೇ ಆ ಮೀಸಲಿನ ಗೌರವ ವನ್ಯಜೀವಿ ಪರಿಪಾಲಕರು. ನಿರ್ವಹಣಾ ಯೋಜನೆ ಬರೆಯುವುದೂ ಸಮಿತಿಯದ್ದೇ ಕೆಲಸ. ಅಭಯಾರಣ್ಯಗಳಿಗೂ ಇದೇ ತಿದ್ದುಪಡಿ ಒಂದು ಸಮಿತಿ ಕೊಟ್ಟಿತು, ಆದರೆ ಅದು ಸಲಹಾ ಸಮಿತಿ. ಸಲಹೆ ಕೊಡಬಹುದು, ಎದುರಿಗೆ ಕೂತವರು ತಲೆಯಾಡಿಸಬಹುದು, ಬಿಸ್ಕೆಟ್ ತಿಂದು ಎದ್ದು ಬರಬಹುದು. ಹಾಗಾಗಿ ಕಾಗದದ ಮೇಲೆ ಸಮುದಾಯ ಮೀಸಲು ಎಷ್ಟೋ ಮುಂದಿದೆ ಅಂತಲೇ ನನ್ನ ಅಭಿಪ್ರಾಯ.

ಆದರೆ ಅದೇ ಕಾಗದದಲ್ಲಿ ಒಂದು ತೂತು ಇತ್ತು. ಐದು ಜನರನ್ನು ಪಂಚಾಯಿತಿ ಹೆಸರಿಸುತ್ತದೆ ಸರಿ, ಮರದ ಒಡೆಯರು ಎಲ್ಲಿ? ಹಣ್ಣು ಬಿಟ್ಟುಕೊಟ್ಟವರು, ಅಂಗಳ ತೊಳೆಯುವವರು ಆ ಐದರಲ್ಲಿ ಇರಲೇಬೇಕು ಅಂತ ಮೂಲದಲ್ಲಿ ಇರಲಿಲ್ಲ. ಘೋಷಣೆ ಆದ ಮೇಲೆ ಜಮೀನಿನ ಬಳಕೆ ಬದಲಿಸಬೇಕೆಂದರೆ ಸಮಿತಿಯ ನಿರ್ಣಯವೂ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಅಂದರೆ ಒಪ್ಪಿಕೊಂಡು ಒಳಗೆ ಬರುವುದು ಸುಲಭ, ಆಮೇಲೆ ನಿನ್ನ ಜಮೀನಿನ ತೀರ್ಮಾನದಲ್ಲಿ ನಿನಗೆ ಕುರ್ಚಿ ಇದೆಯೋ ಇಲ್ಲವೋ ಪಂಚಾಯಿತಿ ರಾಜಕೀಯಕ್ಕೆ ಬಿಟ್ಟದ್ದು. 2022ರ ತಿದ್ದುಪಡಿಯಲ್ಲಿ ಇದನ್ನು ಸರಿ ಮಾಡಿದ್ದಾರೆ, ಖಾಸಗಿ ಜಮೀನಿನ ಮೇಲೆ ಮೀಸಲು ಮಾಡಿದರೆ ಒಡೆಯರೂ ಸಮಿತಿಯಲ್ಲಿ ಇರಬೇಕು ಅಂತ. ಇಪ್ಪತ್ತು ವರ್ಷ ತಡ, ಇರಲಿ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಅತ್ತೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು. 'ಹಕ್ಕಿ ಸತ್ರೆ ಅದು ಯಾರ್ದು?' ಅಂದರು. ಸತ್ತ ಕಾಡುಪ್ರಾಣಿ ಸರ್ಕಾರದ ಆಸ್ತಿ, ಕಾಯ್ದೆಯಲ್ಲಿ ಹಾಗೇ ಇದೆ ಅಂದೆ. 'ಬದುಕಿರೋವಾಗ ನಮ್ದು, ಸತ್ಮೇಲೆ ಸರ್ಕಾರದ್ದಾ?' ಅಂತ ನಕ್ಕರು. ನನ್ನ ಬಳಿ ಉತ್ತರ ಇರಲಿಲ್ಲ.

ಇಲ್ಲಿಂದ ತೆಂಕಣಕ್ಕೆ, ಚಾಮರಾಜನಗರ ಜಿಲ್ಲೆಯಲ್ಲಿ ಬಿಳಿಗಿರಿರಂಗನ ಬೆಟ್ಟ. ಅಲ್ಲಿ ಇದೇ ಕಾಯ್ದೆ ಬೇರೆಯೇ ಮುಖ ತೋರಿಸಿತು. 1974ರಲ್ಲಿ ಅಭಯಾರಣ್ಯ ಆಯಿತು, ಅಲ್ಲಿನ ಬುಡಕಟ್ಟು ಜನ ಸೋಲಿಗರು ಕಾಡಿನೊಳಗಿನ ತಮ್ಮ ಪೋಡುಗಳನ್ನು, ಅಂದರೆ ಹಾಡಿಗಳನ್ನು, ಬಿಟ್ಟು ಬರಬೇಕಾಯಿತು, ಅವರ ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿ ಹಾಕುವುದೂ ನಿಂತಿತು. ತರಗು ಬೆಂಕಿ ಅಂದರೆ ಬೇಸಿಗೆಯ ಆರಂಭದಲ್ಲೇ ನೆಲದ ಒಣ ಎಲೆ, ಹುಲ್ಲನ್ನು ಮೆಲ್ಲಗೆ ಸುಡುವುದು. ಹೊರಗಿನವರಿಗೆ ಬೆಂಕಿ ಅಂದರೆ ಬೆಂಕಿ, ಎಲ್ಲವೂ ಒಂದೇ. ಅದು ನಿಂತ ಮೇಲೆಯೇ ಲಂಟಾನ ಪೊದೆ ಕಾಡು ತುಂಬಿತು ಅಂತ ಸೋಲಿಗರು ಹೇಳುತ್ತ ಬಂದಿದ್ದಾರೆ. ಲಂಟಾನ ಹಬ್ಬಿದ ಕಾಡಲ್ಲಿ ಜಿಂಕೆಗೆ ಹುಲ್ಲಿಲ್ಲ. ಆಮೇಲೆ 2002ರ ಅದೇ ತಿದ್ದುಪಡಿ, ಕೊಕ್ಕರೆ ಬೆಳ್ಳೂರಿಗೆ ಬಾಗಿಲು ತೆರೆದ ತಿದ್ದುಪಡಿಯೇ, ಅಭಯಾರಣ್ಯಗಳಿಂದ ಮಾರಾಟಕ್ಕಾಗಿ ಏನನ್ನೂ ತರಬಾರದು ಅಂದಿತು. ಜೇನು, ನೆಲ್ಲಿಕಾಯಿ, ಪಾಚಿ ಎಲ್ಲ ನಿಂತಿತು. ಸೋಲಿಗರ ಕೈಗೆ ಬರುತ್ತಿದ್ದ ಕಾಸು ಅದೇ ಆಗಿತ್ತು. ಒಂದೇ ತಿದ್ದುಪಡಿ, ಒಂದು ಊರಿಗೆ ಸಮಿತಿ ಕೊಟ್ಟಿತು, ಇನ್ನೊಂದು ಕಡೆ ಜೇನಿನ ಡಬ್ಬಿ ಕಿತ್ತುಕೊಂಡಿತು.

ಅವರಿಗೆ ದಾರಿ ತೆರೆದದ್ದು ವನ್ಯಜೀವಿ ಕಾಯ್ದೆ ಅಲ್ಲ, ಕಾಡಲ್ಲೇ ಬದುಕಿ ಬಂದವರ ಹಕ್ಕನ್ನು ಒಪ್ಪಿಕೊಳ್ಳುವ 2006ರ ಅರಣ್ಯ ಹಕ್ಕು ಕಾಯ್ದೆ. ಸೋಲಿಗರು ತಮ್ಮ ದೇವರ ಜಾಗಗಳು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದರು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಬಣ್ಣ ಇದ್ದ ಕಡೆ ಅವರ ನಕ್ಷೆಯಲ್ಲಿ ಕುಲಗಳ ಎಲ್ಲೆಗಳಿದ್ದವು. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯಿತು, ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ಅದೇ ಮೊದಲು. ಹಕ್ಕುಪತ್ರ ಸಿಕ್ಕಿದ ಮೇಲೆ ಎಲ್ಲ ಸುಗಮ ಅಂತ ನಾನು ಹೇಳುವುದಿಲ್ಲ. ಆದರೆ 'ನಮ್ಮನ್ನೂ ಕೇಳಿ' ಅನ್ನುವುದಕ್ಕೂ 'ನಮ್ಮನ್ನು ಕೇಳದೆ ಮಾಡುವಂತಿಲ್ಲ' ಅನ್ನುವುದಕ್ಕೂ ನಡುವೆ ಬಹಳ ದೂರ ಇದೆ ಅಲ್ವಾ? ಆ ದೂರವನ್ನು ಅವರು ನಡೆದುಬಿಟ್ಟರು.

ಮತ್ತೆ ಬೆಳ್ಳೂರಿಗೆ. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಸಾಯಲು ಶುರುವಾದವು. ಮರದ ಮೇಲಿಂದ ಸುಮ್ನೆ ಧೊಪ್ಪನೆ ಬೀಳುತ್ತಿದ್ದವು, ದೊಡ್ಡ ಹಕ್ಕಿಗಳು, ಒಂದಾದ ಮೇಲೆ ಒಂದು, 2018ರಲ್ಲೂ ಮುಂದುವರಿಯಿತು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆ ತುಂಬ ಜಂತುಹುಳು ಸಿಕ್ಕಿದವು. ಜಂತುಹುಳು ಬರುವುದು ಮೀನಿನಿಂದ. ಮೀನು ಬರುವುದು ಕೆರೆಯಿಂದ.

ಸರಿ, ಕೆರೆ ಎಲ್ಲಿದೆ? ಮೀಸಲಿನ ಗೆರೆಯ ಆಚೆ. ಈ ಹಕ್ಕಿಗಳು ಊರಲ್ಲಿ ಗೂಡು ಕಟ್ಟುತ್ತವೆ ಅಷ್ಟೇ, ಊಟಕ್ಕೆ ತೈಲೂರು ಕೆರೆ, ಮದ್ದೂರು ಕೆರೆ, ಶಿಂಷಾ ನದಿ ಅಂತ ಹತ್ತಾರು ಮೈಲಿ ಹಾರುತ್ತವೆ. ಆ ಕೆರೆಗಳ ನೀರು ಒಂದು ಇಲಾಖೆಯದು, ಮೀನು ಹಿಡಿಯುವ ಹರಾಜು ಇನ್ನೊಂದರದು, ಚರಂಡಿ ನೀರು ಕೆರೆಗೆ ಬಿಡುವುದು ಮತ್ತಾರದೋ, ನದಿಯ ಮರಳು ಯಾರ ಲಾರಿಗೆ ಮೊದಲು ಸಿಕ್ಕಿತೋ ಅವರದು. ಬೆಳ್ಳೂರಿನ ಸಮಿತಿಗೆ ಮರದ ಮೇಲೆ ಅಧಿಕಾರ ಇದೆ, ಮೀನಿನ ಮೇಲೆ ಇಲ್ಲ. ಕೆರೆ ಹರಾಜು ಹಾಕುವ ದಿನ ಈ ಊರಿನವರನ್ನು ಕರೆಯಬೇಕು ಅಂತ ವನ್ಯಜೀವಿ ಕಾಯ್ದೆಯ ಸಮುದಾಯ ಮೀಸಲಿನ ಕಲಮುಗಳಲ್ಲಿ ಒಂದು ಸಾಲೂ ಇಲ್ಲ.

ನನ್ನ ತಕರಾರು ಇಷ್ಟೇ. ಜನರ ಸಹಭಾಗಿತ್ವ ಅಂತ ಹೇಳುವಾಗ ನಾವು ಜನರಿಂದ ಕೇಳುವುದು ತ್ಯಾಗ: ಮರ ಬಿಡಿ, ಹಣ್ಣು ಬಿಡಿ, ಗಲೀಜು ಸಹಿಸಿ. ಅವರು ಮಾಡಿದ್ದಾರೆ, ಕಾಯ್ದೆ ಹುಟ್ಟುವ ಮೊದಲೇ ಮಾಡಿದ್ದಾರೆ. ಆದರೆ ದುಡ್ಡು ಓಡಾಡುವ ಜಾಗ ಬಂದಾಗ, ಮೀನಿನ ಗುತ್ತಿಗೆ, ಮರಳು, ಕೆರೆ ಅಂಚಿನ ಜಾಗ, ಅಲ್ಲಿ ಸಹಭಾಗಿತ್ವ ಅನ್ನುವ ಪದವೇ ಕೇಳಿಸುವುದಿಲ್ಲ. 2022ರ ತಿದ್ದುಪಡಿ ಅಭಯಾರಣ್ಯದ ನಿರ್ವಹಣಾ ಯೋಜನೆ ಮಾಡುವಾಗ ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುವ ಕಡೆ ಗ್ರಾಮಸಭೆ ಜೊತೆ ಸಮಾಲೋಚಿಸಬೇಕು ಅಂದಿದೆ, ಒಳ್ಳೆಯದೇ. ಸಮಾಲೋಚನೆ ಅಂದರೆ ಏನು ಅಂತ ನಮ್ಮೂರ ಗ್ರಾಮಸಭೆಗೆ ಒಮ್ಮೆಯಾದರೂ ಹೋದವರಿಗೆ ಗೊತ್ತು. ಪುಸ್ತಕ ಮನೆ ಬಾಗಿಲಿಗೆ ಬರುತ್ತದೆ, 'ಇಲ್ಲೊಂದು ಸೈನ್ ಹಾಕಮ್ಮ' ಅನ್ನುತ್ತಾರೆ.

ಕೆಲವರು ಕೇಳಬಹುದು, ಹಾಗಾದರೆ ಆ ಕೆರೆಗಳನ್ನೂ ಮೀಸಲಿಗೆ ಸೇರಿಸಿಬಿಡೋಣವಾ ಅಂತ. ಬೇಡ ಅನ್ನಿಸುತ್ತದೆ ನನಗೆ. ಕೆರೆ ಕೆಳಗೆ ಗದ್ದೆ ಇರುವವರು, ಬಲೆ ಬೀಸಿ ಬದುಕುವವರು ಇದ್ದಾರೆ, ಅವರ ತಲೆ ಮೇಲೆ ಇನ್ನೊಂದು ಗೆರೆ ಎಳೆದರೆ ಹಕ್ಕಿಗೆ ಇದ್ದ ಒಳ್ಳೆ ಹೆಸರೂ ಹೋಗುತ್ತದೆ. ಅದರ ಬದಲು ಎರಡು ಮೂರು ಕೆರೆಗಳ ಮೀನಿನ ಹರಾಜನ್ನು ಗೂಡಿನ ಕಾಲಕ್ಕೆ ಮಾತ್ರ ನಿಲ್ಲಿಸಿ, ಆ ನಷ್ಟವನ್ನು ಆ ಪಂಚಾಯಿತಿಗಳಿಗೆ ತುಂಬಿಕೊಟ್ಟು, ಮಾತುಕತೆಗೆ ಬೆಳ್ಳೂರಿನ ಸಮಿತಿಯನ್ನೂ ಮೀನುಗಾರರನ್ನೂ ಒಂದೇ ಚಾಪೆ ಮೇಲೆ ಕೂರಿಸಬಹುದು. ಮರಕ್ಕೆ ಪರಿಹಾರ ಕೊಡುವುದು ಗೊತ್ತಿರುವ ಸರ್ಕಾರಕ್ಕೆ ಕೆರೆಗೆ ಕೊಡುವುದು ಗೊತ್ತಾಗದೇ? ಮರದ ಪರಿಹಾರವನ್ನೂ ಹುಣಸೆಯ ಆ ವರ್ಷದ ಮಾರುಕಟ್ಟೆ ಬೆಲೆಗೆ ಕಟ್ಟಬೇಕು. ಹುಣಸೆ ಬೆಲೆ ಏರಿದ ವರ್ಷ ಹಕ್ಕಿ ದುಬಾರಿ ಅನ್ನಿಸಬಾರದು.

ಸಂಜೆ ಹೊರಡುವಾಗ ಅತ್ತೆ ಹಿತ್ತಲಿಂದ ಕರಿಬೇವು ಕಿತ್ತು ಕೊಟ್ಟರು. ಮರದ ಬುಡದಲ್ಲಿ ಬಲೆ ಒಂದು ಕಡೆ ಹರಿದಿತ್ತು, ಮಾವ ಸೀಮೆಎಣ್ಣೆ ಡಬ್ಬದ ಮೇಲೆ ಕೂತು ನೈಲಾನ್ ದಾರದಲ್ಲಿ ಹೊಲಿಯುತ್ತಿದ್ದರು. ಇದಕ್ಕೆ ಯಾರಾದರೂ ದುಡ್ಡು ಕೊಡ್ತಾರಾ ಮಾವ ಅಂದೆ. 'ಮರಿ ಬಿದ್ರೆ ನಮ್ಮ ಅಂಗಳಕ್ಕೇ ಅಲ್ವೇನಪ್ಪ ಬೀಳೋದು' ಅಂದರು, ತಲೆ ಎತ್ತದೆ.

ನೀವು ಹೋಗುವುದಾದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ, ಬೆಳಗ್ಗೆ ಬೇಗ. ಡ್ರೋನ್ ಹಾರಿಸಬೇಡಿ, ಹಾರನ್ ಹೊಡೆಯಬೇಡಿ. ಫೋಟೊಗೆ ಅಂತ ಯಾರದ್ದಾದರೂ ಹಿತ್ತಲಿಗೆ ನುಗ್ಗುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ, ಮರ ಅವರದು. ಬಿಳಿ ಅಂಗಿ ಬೇಡ, ಅಥವಾ ಬಿಳಿಯೇ ಒಳ್ಳೆಯದೇನೋ. ಮತ್ತೆ ಮರದ ಕೆಳಗೆ ಬಾಯಿ ತೆರೆದುಕೊಂಡು ಮೇಲೆ ನೋಡುತ್ತ ನಿಲ್ಲಬೇಡಿ, ಯಾಕೆ ಅಂತ ಅಲ್ಲಿ ಹೋದ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ.